ಗಣಿಯೊಳಗೆ ಹೆಣ್ಣು

“ನಿನ್ನ ಗಾಳಿ ಸೋಕಿದ್ದಕ್ಕೇ ಬೆಟ್ಟ ಕುಸೀತು ಕಣೇ, ದರಿದ್ರ ಮುಂಡೆ. ಒಂದು ಗಂಡಸಿನ ಜೀವ ತಿಂದೆ. ಈಗ ಸಮಾಧಾನ ಆಯ್ತಾ?”

ಗಣಿಯ ಬಾಯಿಯ ಮುಂದೆ ಎಲ್ಲರೆದುರು ಮೇಸ್ತ್ರಿ ರುಫಿನೊ ಕೂಗಾಡುತ್ತಿದ್ದಾಗ ಇಲಾರಿಯಾ ತಲೆ ತಗ್ಗಿಸಿ ನಿಂತಿದ್ದಳು. ಮೈಮೇಲೆ ಸತ್ತ ಗಂಡನ ಪ್ಯಾಂಟು, ಕಾಲಿಗೆ ಗಂಡನ ರಬ್ಬರ್ ಬೂಟು. ಅವಳ ಮುಂದೆ ಕಂಬಳಿ ಹೊದಿಸಿ ಜೊತೆ ಕೆಲಸದ ಎವಾರಿಸ್ತೊನ ಹೆಣವನ್ನು ಮಲಗಿಸಿದ್ದರು. ಬೆಳಿಗ್ಗೆ ಸುರಂಗದ ಮಾಡು ಬಿದ್ದಾಗ ಅವನನ್ನು ಕಲ್ಲಿನಡಿಯಿಂದ ಬರಿಗೈಯಲ್ಲಿ ತೋಡಿ ತೆಗೆದವಳು ಅವಳೇ. ತೋಡುವಾಗ ಹೆಲ್ಮೆಟ್ಟು ಜಾರಿ, ಒಳಗೆ ತುರುಕಿದ್ದ ಜಡೆಗಳು ಹೊರಬಿದ್ದಿದ್ದವು. ಓಡಿಬಂದ ಗಂಡಸರು ಹೆಣಕ್ಕಿಂತ ಹೆಚ್ಚು ಆ ಜಡೆಗಳಿಗೆ ಬೆಚ್ಚಿದ್ದರು.

ಆ ಬೆಟ್ಟದಲ್ಲಿ ಹೆಣ್ಣು ಗಣಿಯೊಳಗೆ ಕಾಲಿಡುವಂತಿಲ್ಲ. ಬೆಟ್ಟವೇ ಹೆಣ್ಣು, ಇನ್ನೊಬ್ಬಳು ಬಂದರೆ ಅದಕ್ಕೆ ಹೊಟ್ಟೆಕಿಚ್ಚು. ಬೆಳ್ಳಿಯನ್ನು ಒಳಗೆಳೆದುಕೊಂಡು ಕಲ್ಲು ಉದುರಿಸುತ್ತದೆ. ತಾಯಿಯ ಬೆನ್ನಿನ ಜೋಳಿಗೆಯಲ್ಲಿದ್ದಾಗಲೇ ಇದನ್ನು ಕೇಳಿಕೊಂಡು ಬೆಳೆದವಳು ಇಲಾರಿಯಾ, ನಂಬಿದವಳು. ದೂಳು ಕುಡಿದು ಕುಡಿದು ಎದೆ ಕಲ್ಲಾಗಿ ಗಂಡ ಸತ್ತ ಮೇಲೆ, ಹೊರಗಿನ ಕಲ್ಲುರಾಶಿಯ ಮೇಲೆ ಕೂತು, ಗಂಡಸರು ಎಸೆದ ಕಲ್ಲು ಒಡೆದು ಬೆಳ್ಳಿಯ ಚೂರು ಹೆಕ್ಕಿ ಬದುಕಿದ್ದಳು. ಗಣಿಯ ಬಾಯಿಯತ್ತ ತನ್ನ ನೆರಳನ್ನೂ ಬೀಳಿಸಿರಲಿಲ್ಲ.

ಒಳಗೆ ಕೆಲಸಕ್ಕೆ ಕರೆದವನು ರುಫಿನೊನೇ. ಕಾರ್ನಿವಲ್ ಹಬ್ಬ ಮುಗಿಯುತ್ತಲೇ ಕೆಮ್ಮುವ ಗಂಡಸರು ಒಬ್ಬೊಬ್ಬರಾಗಿ ಪೊತೊಸಿ ಪೇಟೆಯ ದಾರಿ ಹಿಡಿದು ಆಳು ಸಾಲದಾಗಿತ್ತು. ಹೇಳಿ ಕಳಿಸಿದ್ದು ಅವಳ ತಮ್ಮ ಕ್ಲೆಟೊನ ಕೈಯಲ್ಲಿ. ತಾಯಿ ಹೋದಾಗ ಎಳೆಕೂಸಾಗಿದ್ದ ಅವನನ್ನು ಬೆನ್ನಿಗೆ ಕಟ್ಟಿಕೊಂಡೇ ಅವಳು ಕಲ್ಲೊಡೆದಿದ್ದಳು. ಅವನೇ ಬಂದು, ಸುರಂಗದ ಕೊನೆಯಲ್ಲಿ ತಾನೂ ಎವಾರಿಸ್ತೊನೂ ಇಬ್ಬರೇ ಇರುವುದೆಂದೂ ಬೇರೆಯವರ ಕಣ್ಣಿಗೆ ಬೀಳುವುದಿಲ್ಲವೆಂದೂ ಹೇಳಿ ಒಪ್ಪಿಸಿದ. ಕೂಲಿ ಗಂಡಸಿನದರ ಅರ್ಧ.

ಮೊದಲ ದಿನ ಅವಳು ಗೋಡೆ ಹಿಡಿದುಕೊಂಡೇ ಒಳಗೆ ಹೋದಳು. ಕೊಂಬಿರುವ ಮಣ್ಣಿನ ಮೂರ್ತಿ ತಿಯೊ ದಾರಿಯಲ್ಲೇ ಕೂತಿದ್ದ, ಬೆಳ್ಳಿಯ ಒಡೆಯ, ಗಣಿಯವರೆಲ್ಲರ ಮಾವ. ಅವನ ಮಡಿಲಿಗೆ ಕೋಕಾ ಎಲೆ ಸುರಿದು, ಬಾಯಿಗೆ ಸಿಗರೇಟು ಹಚ್ಚಿಟ್ಟು, ತಪ್ಪಾಯಿತೆಂದು ಬೇಡಿಕೊಂಡಳು. ಹಿಂದೆ ನಿಂತಿದ್ದ ರುಫಿನೊ ನಕ್ಕ.

“ಹೆದ್ರಬ್ಯಾಡ ಕಣೇ. ಮಾವಂಗೆ ಹೆಣ್ಣು ಅಂದ್ರೆ ಪ್ರಾಣ. ನೀ ಬಂದಿದ್ದಕ್ಕೆ ಇನ್ನೆರಡು ಹಿಡಿ ಜಾಸ್ತೀನೇ ಕೊಡ್ತಾನೆ.”

ಮಾಡಿಗೆ ಕೊಟ್ಟ ಮರದ ಕಂಬಗಳು ಕೊಳೆತಿದ್ದವು. ಹೊಸ ಮರ ತರಿಸಿಕೊಡಿ ಎಂದು ಎವಾರಿಸ್ತೊ ಕೇಳುತ್ತಲೇ ಇದ್ದ. ಹುಲ್ಲೂ ಸರಿಯಾಗಿ ಬೆಳೆಯದ ಬೆಟ್ಟಕ್ಕೆ ಮರ ಎಲ್ಲಿಂದ ಹೊತ್ತು ತರಲಿ ಎಂದು ಗೊಣಗಿದ ರುಫಿನೊ, ಮರದ ಬದಲು ಒಂದು ಬಿಳಿ ಲಾಮಾ ಮರಿಯನ್ನು ಹೊಡಕೊಂಡು ಬಂದ. ಗಣಿಯ ಬಾಯಲ್ಲಿ ಅದರ ಕತ್ತು ಕೊಯ್ದು, ಬಿಸಿ ರಕ್ತವನ್ನು ಕಂಬಗಳಿಗೆ ಎರಚಿದರು. ಇನ್ನು ಬೆಟ್ಟ ತಣ್ಣಗಿರುತ್ತದೆ ಎಂದ. ಮಾಂಸ ಸುಟ್ಟು ಎಲ್ಲರೂ ತಿಂದರು. ಎವಾರಿಸ್ತೊನೂ ತಿಂದ. ಇಲಾರಿಯಾಳಿಗೂ ಅಂದು ಧೈರ್ಯ ಬಂದಿತ್ತು.

ಈಗ ಅದೇ ರುಫಿನೊ, ಇದು ಮಾವನ ಕೋಪ, ಇದಕ್ಕೆ ಗಣಿಯವರು ಹೊಣೆಯಲ್ಲ, ಸತ್ತವನ ಹೆಂಡತಿ ಏನನ್ನೂ ಕೇಳುವಂತಿಲ್ಲ ಎನ್ನುತ್ತಿದ್ದ. ಆ ಹೆಂಡತಿ ನಿಕಾಸಿಯಾ ಬೆನ್ನ ಮೇಲಿನ ಕೂಸಿನೊಂದಿಗೆ ಮುಂದೆ ಬಂದು ಇಲಾರಿಯಾಳ ಮುಖಕ್ಕೆ ಉಗಿದಳು. ಇಲಾರಿಯಾ ಒರೆಸಿಕೊಳ್ಳಲಿಲ್ಲ. ಗುಂಪಿನಲ್ಲಿದ್ದ ತಮ್ಮನತ್ತ ತಿರುಗಿದಳು.

“ತಮ್ಮಾ, ನನ್ನ ಕರ್ಕಂಡು ಹೋಗಿದ್ ಯಾರು ಅಂತ ಹೇಳಪ್ಪಾ. ಅಷ್ಟು ಸಾಕು.”

ಕ್ಲೆಟೊ ಬಾಯಲ್ಲಿದ್ದ ಕೋಕಾ ಉಂಡೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ತಳ್ಳಿದ.

“ನಂಗೊತ್ತಿಲ್ಲ. ಅವ್ಳೇ ಕದ್ದು ನುಗ್ಗಿರ್ಬೇಕು. ಗಂಡಸಿನ ಬಟ್ಟೆ ಹಾಕ್ಕಂಡಿದ್ಲಲ್ಲ, ನಾ ಯಾವನೋ ಹೊಸಬ ಅನ್ಕಂಡೆ.”

ಅಕ್ಕನ ಗುರುತು ಹೇಗೆ ಸಿಗಲಿಲ್ಲ ಎಂದು ಯಾರೂ ಕೇಳಲಿಲ್ಲ.

ಮಾರನೆಯ ದಿನ ಗಣಿಗೆ ಶುದ್ಧಿಯೆಂದೂ, ಅಷ್ಟರಲ್ಲಿ ಅವಳು ಗುಡಿಸಲು ಖಾಲಿ ಮಾಡಬೇಕೆಂದೂ ತೀರ್ಮಾನವಾಯಿತು. ಸಂಜೆ ಕ್ಲೆಟೊ ಬಂದು ಹೊಸ್ತಿಲ ಹೊರಗೇ ನಿಂತ.

“ಅಕ್ಕ, ನಂಗೆ ಮೇಸ್ತ್ರಿ ಭಯ, ಸುಳ್ಳಲ್ಲ. ಆದ್ರೆ ನಿಜವಾಗ್ಲೂ ಹಂಗೇ ಅನ್ಸುತ್ತೆ. ನೀ ಬರ್ದೇ ಇದ್ದಿದ್ರೆ ಅವ್ನು ಉಳೀತಿದ್ನೇನೋ.”

“ಕಂಬ ಕೊಳ್ತಿದ್ದು ನೀನೂ ನೋಡಿದ್ಯಲ್ಲೋ.”

“ಅದಕ್ಕೆ ರಕ್ತ ಹಾಕಿದ್ವಲ್ಲಕ್ಕ.”

ಅವಳು ಬಾಗಿಲು ಹಾಕಿಕೊಂಡಳು. ಕಲ್ಲು ತೋಡುವಾಗ ಅವಳ ಮನಸ್ಸಿನಲ್ಲೂ ಬಂದದ್ದು ಅದೇ ಮಾತು. ತನ್ನೊಳಗೆ ಇದ್ದದ್ದನ್ನು ಅವನ ಬಾಯಲ್ಲಿ ಕೇಳಿದಾಗ ಮಾತ್ರ ಅದರ ನಾತ ಮೂಗಿಗೆ ಬಡಿಯಿತು.

ಬೆಳಿಗ್ಗೆ ಇನ್ನೊಂದು ಲಾಮಾವನ್ನು ಕಟ್ಟಿಕೊಂಡು ಗಂಡಸರು ಸೇರಿದ್ದರು. ಇಲಾರಿಯಾ ಹಬ್ಬದ ನೆರಿಗೆ ಲಂಗ ಉಟ್ಟು, ಶಾಲು ಹೊದ್ದು, ಎರಡು ಜಡೆಗಳನ್ನೂ ಮುಂದಕ್ಕೆ ಬಿಟ್ಟುಕೊಂಡು ಅವರ ನಡುವೆ ನಡೆದು ಬಂದಳು. ಮೈ ತಾಗೀತೆಂದು ಹೆದರಿ ಅವರೇ ದಾರಿ ಬಿಟ್ಟರು. ಅವಳು ನೆಟ್ಟಗೆ ಒಳಗೆ ಹೋಗಿ, ತಿಯೊ ಮಾವನ ಮೊಣಕಾಲಿಗೆ ಬೆನ್ನು ಕೊಟ್ಟು ಕೂತಳು.

“ಹೊಸ ಕಂಬ ಹಾಕ್ಸಿ. ನನ್ನ ಕರೆದೋನ್ಯಾರು ಅಂತ ಎಲ್ರ ಮುಂದೆ ಹೇಳಿ. ಅಲ್ಲೀಗಂಟ ನಾ ಏಳಲ್ಲ.”

ಒಬ್ಬ ಗಂಡಸೂ ಒಳಗೆ ಕಾಲಿಡಲಿಲ್ಲ. ಅದಿರು ಒಯ್ಯಲು ಬಂದ ಲಾರಿ ಮಧ್ಯಾಹ್ನದವರೆಗೆ ಕಾದು ಖಾಲಿ ಹಿಂದಿರುಗಿತು. ರುಫಿನೊ ಗಂಡಸರತ್ತ ತಿರುಗಿದ.

“ಏನೂ ಆಗಲ್ಲ ಕಣ್ರೋ ಬೋಳಿಮಕ್ಳಾ. ಹೆಣ್ಣು ಬಂದ್ರೆ ಬೆಟ್ಟ ಕುಸಿಯೋದೆಲ್ಲ ಅಜ್ಜಿ ಕತೆ. ಹೋಗಿ ಎಳ್ಕಂಡು ಬನ್ನಿ.”

“ನಿನ್ನೆ ನೀವೇ ಹೇಳಿದ್ರಲ್ಲ ಮೇಸ್ತ್ರಿ,” ಎಂದ ಒಬ್ಬ ಮುದುಕ. “ಏನೂ ಆಗಲ್ಲ ಅಂದ್ರೆ ನೀವೇ ಹೋಗಿ.”

ರುಫಿನೊ ಗಣಿಯ ಬಾಯಲ್ಲಿದ್ದ ಅದಿರುಗಾಡಿಯ ಹಳಿಯ ತನಕ ಹೋದ. ಅಲ್ಲಿಂದ ಮುಂದೆ ಅವನ ಕಾಲೂ ಏಳಲಿಲ್ಲ.

ಆಗ ಗುಂಪಿನ ಹಿಂದಿನಿಂದ ನಿಕಾಸಿಯಾ ಎದ್ದು ಬಂದಳು. ಕಪ್ಪು ಬಟ್ಟೆಯಲ್ಲೇ ಒಳಗೆ ನಡೆದು, ಇಲಾರಿಯಾಳಿಂದ ದೂರಕ್ಕೆ ಕೂತು, ಬೆನ್ನ ಕೂಸನ್ನು ಮಡಿಲಿಗೆ ಇಳಿಸಿಕೊಂಡಳು.

“ನಿನಗೋಸ್ಕರ ಬಂದಿಲ್ಲ,” ಎಂದಳು. ಕೂಸಿನ ಹೊದಿಕೆ ಸರಿಮಾಡುತ್ತ ಕೇಳಿದಳು, “ಕಂಬ ಕೊಳೆತಿತ್ತಾ?”

“ಹೂಂ.”

“ಮನೇಲಿ ಹೇಳ್ತಿದ್ದ.”

ಹೊರಗೆ ರುಫಿನೊ ಯಾರನ್ನೋ ಬೈದದ್ದು ಕೇಳಿಸಿತು. ದೀಪಗಳಿಗೆ ಕರೆಂಟು ಕೊಡುವ ಯಂತ್ರದ ಮನೆಯ ಸದ್ದು ನಿಂತು, ಸುರಂಗದ ದೀಪಗಳೆಲ್ಲ ಒಮ್ಮೆಗೇ ಆರಿದವು. ಮೇಸ್ತ್ರಿಯ ಬಳಿ ಇರುತ್ತಿದ್ದ ಆ ಮನೆಯ ಕೀಲಿಕೈ ಅಂದು ಬೆಳಿಗ್ಗೆಯಷ್ಟೇ ಕ್ಲೆಟೊನ ಸೊಂಟಕ್ಕೆ ಬಂದಿತ್ತು; ಒಳಗೆ ಬರುವಾಗ ಇಲಾರಿಯಾ ಅದನ್ನು ಕಂಡಿದ್ದಳು. ಕತ್ತಲೆಯಲ್ಲಿ ಕೂಸು ಅಳತೊಡಗಿತು. ಇಬ್ಬರಲ್ಲಿ ಒಬ್ಬಳೂ ಏಳಲಿಲ್ಲ.