ಮಶೇರಿಗೆ ಚೌಕವಿರಲಿಲ್ಲ

ಸಂದರ್ಶನ ಇದ್ದದ್ದು ಮಧ್ಯಾಹ್ನ ಮೂರಕ್ಕೆ. ನಾನು ಬೆಳಿಗ್ಗೆ ಆರಕ್ಕೇ ಲ್ಯಾಪ್‌ಟಾಪ್ ತೆರೆದು, ಮುಚ್ಚಿ, ಮತ್ತೆ ತೆರೆದು, ತಾಂಬಾದ ನಮ್ಮ ಮನೆಯ ಅಂಗಳದಲ್ಲಿ ಅತ್ತಿಂದಿತ್ತ ಸುತ್ತುತ್ತಿದ್ದೆ. ಪುಣೆಯ ಹಾಸ್ಟೆಲಿನಲ್ಲಿ ನಿದ್ದೆ ಬರುವುದಿಲ್ಲ, ಅವ್ವನ ಕೈಯ ಊಟ ಉಂಡರೆ ಬಂದೀತು ಎಂದು ಹಿಂದಿನ ದಿನವೇ ಬಂದಿದ್ದೆ. ಇಲ್ಲಿಯೂ ಬರಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಅವ್ವ ಹಾಲಿನಲ್ಲಿ ರೊಟ್ಟಿ ನೆನೆಸಿಕೊಂಡು ತಿನ್ನುತ್ತಿದ್ದಳು.

"ಖಾರ ಇಲ್ದ ತುತ್ತ ಎತ್ತದಾಕಿ, ಈಗ ಕೂಸಿನಂಗ ಹಾಲುರೊಟ್ಟಿ ತಿನ್ನಾಕತ್ತೀಯಲ್ಲ," ಎಂದು ನಾನು ನಕ್ಕಿದ್ದೆ. ಅವಳೂ ನಕ್ಕಿದ್ದಳು.

ನಾನು ಓದಿದ್ದು ಕಂಪ್ಯೂಟರ್ ವಿಜ್ಞಾನ. ಪಿಎಚ್‌ಡಿ ಮುಗಿಸಿ ಪುಣೆಯ ಲ್ಯಾಬೊಂದರಲ್ಲಿ ಬಾಯಿ ಕ್ಯಾನ್ಸರಿನ ಮೇಲೆ ಕೆಲಸ ಮಾಡುತ್ತೇನೆ. ಗಡ್ಡೆಯಿಂದ ತೆಗೆದ ಜೀನುಗಳಲ್ಲಿ ಎಲ್ಲೆಲ್ಲಿ ಏನೇನು ಕೆಟ್ಟಿದೆ ಎಂದು ಕಂಪ್ಯೂಟರಿಗೆ ಓದಿಸಿ, ಅದನ್ನು ಕೆಡಿಸಿದ್ದು ಯಾವುದು ಎಂದು ಹುಡುಕುವುದು ನನ್ನ ಕೆಲಸ. ಹಂಗಾಮಿ ಹುದ್ದೆ, ಮಾರ್ಚಿಗೆ ಮುಗಿಯುತ್ತದೆ. ಕ್ಯಾನ್ಸರ್ ಸಂಶೋಧನೆಗೆ ಬಂದ ನನ್ನಂಥ ಕಂಪ್ಯೂಟರ್ ಮಂದಿಗೆಂದೇ ಒಂದು ಪ್ರತಿಷ್ಠಾನ ಮೂರು ವರ್ಷದ ಫೆಲೋಶಿಪ್ ಕೊಡುತ್ತದೆ; ಇವತ್ತಿನ ಸಂದರ್ಶನ ಅದಕ್ಕೇ. ಪಿಎಚ್‌ಡಿ ಆಗಿ ನಾಲ್ಕು ವರ್ಷದೊಳಗೆ ಅರ್ಜಿ ಹಾಕಬೇಕು. ನನಗೆ ಇದು ನಾಲ್ಕನೆಯ ವರ್ಷ. ಇದು ಕೈತಪ್ಪಿದರೆ ಬ್ಯಾಂಕಿಗೋ ಮೊಬೈಲ್ ಕಂಪನಿಗೋ ಪ್ರೋಗ್ರಾಂ ಬರೆದುಕೊಂಡಿರಬೇಕು. ಅದು ನನಗೆ ಬೇಡ.

ಆರು ಜನರ ಕೊನೆಯ ಪಟ್ಟಿಯವರೆಗೆ ನನ್ನನ್ನು ತಂದದ್ದು ಮೂವತ್ತೊಂದು ಹೆಂಗಸರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಇನ್ನೂರ ಹನ್ನೆರಡು ರೋಗಿಗಳ ಮನೆಗೆ ನಾನೇ ತಿರುಗಿ ಫಾರ್ಮು ತುಂಬಿದ್ದೆ. ಅದರಲ್ಲಿ ಈ ಮೂವತ್ತೊಂದು ಜನ ತಂಬಾಕು ಮುಟ್ಟಿದವರಲ್ಲ. ಆದರೂ ಅವರ ಗಡ್ಡೆಗಳನ್ನು ಕಂಪ್ಯೂಟರು ಪ್ರತಿ ಸಲವೂ ತಂಬಾಕಿನವರ ಸಾಲಿಗೇ ತಂದು ನಿಲ್ಲಿಸುತ್ತಿತ್ತು. ನಾನು ಪ್ರೋಗ್ರಾಂ ತಿದ್ದಿದೆ. ಮತ್ತೆ ಅದೇ ಸಾಲು. ಕೊನೆಗೆ ನನಗೆ ರೋಮಾಂಚನವಾಯಿತು. ತಂಬಾಕು ಮಾಡುವ ಕೇಡನ್ನೇ ಮಾಡುವ ಬೇರೆ ಯಾವುದೋ ಒಂದು ನಮ್ಮ ನೀರಿನಲ್ಲೋ ಮಣ್ಣಿನಲ್ಲೋ ಇದೆ, ಅದನ್ನು ಹುಡುಕುತ್ತೇನೆ ಎಂದು ಅರ್ಜಿ ಬರೆದೆ.

"ಹಿಂಗ ತಿರಗಿದ್ರ ಅಂಗಳ ಸವದು ಹೊಕ್ಕೈತಿ. ಕುಂದ್ರು ಒಂದ್ ಕಡೆ," ಎಂದಳು ಅವ್ವ.

ಅವಳು ಕಟ್ಟೆಯ ಮೇಲೆ ಕುಳಿತು, ಚಿಕ್ಕ ತಗಡಿನ ಡಬ್ಬಿಯಿಂದ ಕಪ್ಪು ಪುಡಿಯನ್ನು ಬೆರಳ ತುದಿಗೆ ಹಚ್ಚಿಕೊಂಡು ಹಲ್ಲು ತಿಕ್ಕುತ್ತಿದ್ದಳು. ಮಶೇರಿ. ಹುಟ್ಟಿದಾಗಿನಿಂದ ದಿನಾ ನೋಡಿದ್ದು. ತಿಕ್ಕಿ, ಒಂದಷ್ಟು ಹೊತ್ತು ದವಡೆಯಲ್ಲೇ ಇಟ್ಟುಕೊಂಡು, ಆಮೇಲೆ ಉಗುಳುತ್ತಾಳೆ. ಕೈಯಲ್ಲಿದ್ದ ಚಹಾ ನಾನು ಕುಡಿಯಲಿಲ್ಲ.

"ಅವ್ವ, ಅದನ್ನ ಎದರಲೇ ಮಾಡ್ತೀ?"

"ಯಾವದು, ಮಶೇರಿನಾ? ತಂಬಾಕಲೇ. ಹಂಚಿನ ಮ್ಯಾಲ ಕರ್ರಗ ಹುರದು ಕುಟ್ಟೂದು. ಸಾಲ್ಯಾಗಿದ್ದಾಗ ನೀನ ಕುಟ್ಟಿ ಕೊಡತಿದ್ದೆಲ್ಲ, ಮರತೇನು?"

ಮರೆತಿರಲಿಲ್ಲ. ಅದೇ ನನ್ನನ್ನು ಉರಿಸಿತು. ನನ್ನ ಫಾರ್ಮಿನಲ್ಲಿ ನಾಲ್ಕು ಚೌಕಗಳಿದ್ದವು: ಬೀಡಿ, ಸಿಗರೇಟು, ಗುಟಕಾ, ಎಲೆಯಡಿಕೆಯ ಜೊತೆ ತಂಬಾಕು. ಹೆಂಗಸರು ನಾಲ್ಕಕ್ಕೂ ಇಲ್ಲ ಎಂದಿದ್ದರು, ನಾಚಿ ನಕ್ಕಿದ್ದರು. ಅವೆಲ್ಲ ಗಂಡಸರ ಚಟ. ಮಶೇರಿ ಚಟವಲ್ಲ, ಮುಖ ತೊಳೆಯುವ ಹಾಗೆ ಅದೊಂದು ಬೆಳಗಿನ ಕೆಲಸ. ಹೊರಗಿನವರು ಯಾರಾದರೂ ಬಂದಿದ್ದರೆ, ಬೆರಳಿಗೇನು ಹತ್ತಿದೆ ಎಂದು ಕೇಳುತ್ತಿದ್ದರು. ನಾನು ಇದೇ ಊರವಳೆಂದು ಎಷ್ಟು ಜಂಬಪಟ್ಟಿದ್ದೆ!

ಮೊದಲು ಬಂದದ್ದು ಅವ್ವನ ಮೇಲಿನ ಸಿಟ್ಟು. ಇವತ್ತೇ ನನ್ನ ಕಣ್ಣೆದುರು ತಿಕ್ಕಬೇಕಿತ್ತೇ? ನಾಳೆ ತಿಕ್ಕಿದ್ದರೆ ಏನಾಗುತ್ತಿತ್ತು?

ಆ ಮೂವತ್ತೊಂದು ಹೆಂಗಸರ ಫಾರ್ಮುಗಳಲ್ಲಿ ಫೋನ್ ನಂಬರುಗಳಿದ್ದವು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಒಂದೊಂದಾಗಿ ಹಚ್ಚಿ, ಮಶೇರಿ ತಿಕ್ಕುತ್ತೀರಾ ಎಂದು ಕೇಳಿದೆ. ಸಿಂದಗಿಯ ರೇವವ್ವ, "ಹೂನವ್ವಾ, ದಿನಾ ಎರಡ ಸಲ," ಎಂದಳು. ಮುದ್ದೇಬಿಹಾಳದ ಸಾಬೀರಾ, "ಅದಿಲ್ದ ಹೊತ್ತ ಹೊಂಡಂಗಿಲ್ರಿ, ಆಪರೇಷನ್ ಆದ ಮ್ಯಾಲ ಬಿಟ್ಟೇನಿ," ಎಂದಳು. ಕೆಲವು ನಂಬರು ಬಂದ್ ಆಗಿದ್ದವು. ಹೂವಿನ ಹಿಪ್ಪರಗಿಯ ಶಂಕ್ರೆವ್ವನ ಫೋನನ್ನು ಅವಳ ಸೊಸೆ ಎತ್ತಿದಳು.

"ನಮ್ಮ ಅತ್ತಿ ಹೋಗಿ ವರ್ಷ ಆತ್ರಿ."

ಫೋನ್ ಇಟ್ಟುಬಿಡಬೇಕಿತ್ತು. ನಾಚಿಕೆಯಿಲ್ಲದೆ ಕೇಳಿದೆ, ಅವರು ಮಶೇರಿ ತಿಕ್ಕುತ್ತಿದ್ದರೇ ಎಂದು.

"ತಿಕ್ಕತಿದ್ರಿ. ಕಡೀಕ ಬಾಯಿ ತಗ್ಯಾಕ ಬರತಿರಲಿಲ್ಲ, ಆದ್ರೂ ಡಬ್ಬಿ ತಲಿದಿಂಬಿನ ಬುಡಕ ಬೇಕ ಅಂತಿದ್ರು. ಅದಕ್ಕ ಮಣ್ಣ ಮಾಡೂವಾಗ ಕೈಯಾಗ ಆ ಡಬ್ಬಿನೂ ಇಟ್ಟೇವ್ರಿ." ಆಮೇಲೆ ಆಕೆಯೇ ಕೇಳಿದಳು, "ಯಾಕ್ರಿ, ಅದರಲೇ ಏನರೆ ಆಗತೈತೇನು? ನಾನೂ ತಿಕ್ಕತೇನಿ."

ಬಿಡಬೇಕು, ಇವತ್ತೇ ಬಿಡಬೇಕು ಎಂದೆ. ಆಕೆ "ಹೂನ್ರಿ" ಎಂದಳು. ನನ್ನ ಮಾತು ಕೇಳಿ ಆಕೆ ಬಿಟ್ಟಾಳು ಎಂದು ನನಗೇ ನಂಬಿಕೆ ಬರಲಿಲ್ಲ.

ಹನ್ನೆರಡರ ಹೊತ್ತಿಗೆ ಹದಿನಾಲ್ಕು ಮನೆಯವರು ಸಿಕ್ಕಿದ್ದರು. ಹದಿಮೂರು ಮನೆಯಲ್ಲಿ ಹೌದು. ಕಂಪ್ಯೂಟರು ಮೊದಲ ದಿನದಿಂದಲೂ ಸರಿಯಾಗಿಯೇ ಹೇಳುತ್ತಿತ್ತು. ತಿದ್ದಬೇಕಾದದ್ದು ನನ್ನನ್ನು.

ನನ್ನ ಮಾರ್ಗದರ್ಶಕರಾದ ಸಂಜೀವಕುಮಾರ ಸರ್‌ಗೆ ಫೋನ್ ಮಾಡಿದೆ. ಅವರೂ ನಮ್ಮ ಕಡೆಯವರೇ, ಮನಗೂಳಿಯವರು. ಎಲ್ಲ ಹೇಳಿದೆ.

"ನಮ್ಮ ಅವ್ವನೂ ತಿಕ್ಕತಿದ್ಲು," ಎಂದರು. "ನಾನೂ ಆ ಫಾರ್ಮ್ ನೋಡೇನಿ, ಪಲ್ಲವಿ. ನನಗೂ ಹೊಳೀಲಿಲ್ಲ." ಆಮೇಲೆ, "ಇವತ್ತ ಹೇಳಬ್ಯಾಡ. ಮೊದಲ ಫೆಲೋಶಿಪ್ ಕೈಗೆ ಬರ್ಲಿ. ಆರು ತಿಂಗಳಾದ ಮ್ಯಾಲ ನಾವ ತಿದ್ದಿ ಬರಿಯೂಣು. ಯಾರೂ ತಪ್ಪ ಅನ್ನೂದಿಲ್ಲ."

ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದರು. ನಾನೂ ಅದನ್ನೇ ಕೇಳಬೇಕೆಂದಿದ್ದೆ. ಎರಡೂಮುಕ್ಕಾಲರವರೆಗೂ ಹಾಗೇ ಮಾಡುವುದು ಎಂದು ಗಟ್ಟಿ ಮಾಡಿಕೊಂಡಿದ್ದೆ.

ಮೂರಕ್ಕೆ ಪರದೆಯ ಮೇಲೆ ಐದು ಮುಖಗಳು ಬಂದವು. ಸಂದರ್ಶನ ನಡೆದದ್ದು ಇಂಗ್ಲಿಷಿನಲ್ಲಿ. ನಾನು ತೋರಿಸುತ್ತಿದ್ದ ಮೂರನೆಯ ಚಿತ್ರದಲ್ಲಿ ಮೂವತ್ತೊಂದು ಕೆಂಪು ಚುಕ್ಕೆಗಳಿದ್ದವು, ಒಬ್ಬೊಬ್ಬ ಹೆಂಗಸಿಗೆ ಒಂದೊಂದು. ಅದರಲ್ಲಿ ಯಾವುದು ಶಂಕ್ರೆವ್ವನದು ಎಂದು ನನಗೆ ಗೊತ್ತಿತ್ತು. ಡಬ್ಬಿ ಹಿಡಿದುಕೊಂಡ ಅವಳ ಕೈ ಕಣ್ಣ ಮುಂದೆ ಬಂದು, ಬಾಯಿಪಾಠ ಮಾಡಿಕೊಂಡ ಮಾತೆಲ್ಲ ನಿಂತುಹೋಯಿತು.

"ಇದು ತಪ್ಪು," ಎಂದೆ. ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದೆ.

ನರೆಗೂದಲಿನ ಒಬ್ಬ ಹೆಂಗಸು ಕನ್ನಡಕ ತೆಗೆದು ಕೇಳಿದರು: "ನೀವು ಅಲ್ಲಿಯವರು. ಈ ಅಭ್ಯಾಸ ನಿಮಗೆ ಗೊತ್ತಿರಲಿಲ್ಲವೇ?"

"ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಕೇಳಲಿಲ್ಲ."

ಪ್ರಾಮಾಣಿಕತೆಗೆ ಧನ್ಯವಾದ ಹೇಳಿದರು. ಬರೆದುಕೊಟ್ಟ ಅರ್ಜಿಯ ತಳಪಾಯವೇ ಹೋದ ಮೇಲೆ ಅದನ್ನು ಪರಿಗಣಿಸಲು ಬರುವುದಿಲ್ಲ, ಹಿಂತೆಗೆದುಕೊಂಡು ಮುಂದಿನ ವರ್ಷ ಹೊಸದಾಗಿ ಹಾಕಿ ಎಂದರು. ಮುಂದಿನ ವರ್ಷ ನನಗೆ ಅರ್ಹತೆ ಇರುವುದಿಲ್ಲ ಎಂದೆ. ಆಕೆ ಕಾಗದ ನೋಡಿ, ಕ್ಷಮಿಸಿ ಎಂದರು. ಹನ್ನೆರಡು ನಿಮಿಷಕ್ಕೆ ಎಲ್ಲ ಮುಗಿಯಿತು.

ಅವ್ವ ಬಾಗಿಲಲ್ಲೇ ನಿಂತಿದ್ದಳು. "ಸಿಕ್ತ?"

"ಇಲ್ಲ."

"ಯಾಕ?"

"ನಿನ್ನ ಮಶೇರಿ ಸಲುವಾಗಿ!" ಎಂದು ಚೀರಿದೆ. ಚೀರಿದ್ದಕ್ಕೆ ಅಳು ಬಂತು.

"ಹಲ್ಲ ತಿಕ್ಕೂದಕ್ಕೂ ನಿನ್ನ ನೌಕರಿಗೂ ಏನ್ ಸಂಬಂಧ ಐತಿ ಹುಚ್ಚಿ?" ಎಂದು ಅವಳು ಸೆರಗಿನಿಂದ ನನ್ನ ಮುಖ ಒರೆಸಲು ಬಂದಳು.

ಲ್ಯಾಪ್‌ಟಾಪ್ ಮುಚ್ಚಲು ಹೋದಾಗ, ಬೆಳಿಗ್ಗೆ ತೆರೆದಿಟ್ಟಿದ್ದ ಫಾರ್ಮುಗಳ ಪಟ್ಟಿ ಕಣ್ಣಿಗೆ ಬಿತ್ತು. ರೋಗಿಗಳ ಜೊತೆ ಹೋಲಿಸಿ ನೋಡಲು ರೋಗವಿಲ್ಲದವರ ಫಾರ್ಮುಗಳನ್ನೂ ತುಂಬಿದ್ದೆ. ಅದರಲ್ಲಿ ಮೊದಲನೆಯದು ಅವ್ವನದೇ, ಎರಡು ವರ್ಷದ ಹಿಂದಿನದು. ಹೆಸರು ದುರ್ಗವ್ವ, ಊರು ತಾಂಬಾ. ತಂಬಾಕು: ಇಲ್ಲ. ಬಾಯಿ ಪರೀಕ್ಷೆ: ಸರಿಯಿದೆ. ಅದನ್ನು ನಾನು ಪುಣೆಯಲ್ಲಿ ಕುಳಿತೇ ತುಂಬಿದ್ದೆ. ಅವಳ ಬಾಯಿಯನ್ನು ನೋಡಿರಲೇ ಇಲ್ಲ.

ನಿನ್ನೆಯ ಹಾಲುರೊಟ್ಟಿ ನೆನಪಾಯಿತು.

"ಅವ್ವ, ಬಿಸಲಿಗೆ ಬಾ. ಬಾಯಿ ತಗಿ."

"ಈಗ್ಯಾಕ?"

"ತಗೀ ಅಂದ್ನಲ್ಲ."

ಕಟ್ಟೆಯ ಮೇಲೆ ಕೂರಿಸಿ, ಬಿಸಿಲಿನತ್ತ ಮುಖ ತಿರುಗಿಸಿ, ಬೆರಳಿನಿಂದ ಎಡಗೆನ್ನೆಯನ್ನು ಸರಿಸಿದೆ. ಒಳಗೆ ಹುಣಸೆಬೀಜದಷ್ಟು ಅಗಲದ ಬಿಳಿ ಮಚ್ಚೆ. ನಡುವೆ ಕೆಂಪಾಗಿತ್ತು. ಅದು ಏನೆಂದು ಹೇಳಲು ನಾನು ಡಾಕ್ಟರಲ್ಲ. ಅಂಥ ಮಚ್ಚೆಯ ಚಿತ್ರಗಳನ್ನು ಮಾತ್ರ ರೋಗಿಗಳ ಕಡತಗಳಲ್ಲಿ ಬೇಕಾದಷ್ಟು ನೋಡಿದ್ದೆ.

"ಇದು ಆಗಿ ಎಷ್ಟ ದಿನಾ ಆತು?"

"ವರ್ಷ ಆಗಿರಬೇಕ. ಖಾರ ತಿಂದ್ರ ಉರಿತೈತಿ ಅಷ್ಟ."

"ನನಗ್ಯಾಕ ಹೇಳಲಿಲ್ಲ?"

ಅವ್ವ ನನ್ನ ಕೈಯನ್ನು ಮೆಲ್ಲಗೆ ಕೆನ್ನೆಯಿಂದ ಸರಿಸಿ, ತುಟಿ ಒರೆಸಿಕೊಂಡಳು.

"ನೀ ಎಲ್ಲಿ ಕೇಳಿದಿ?"