ಬೆನ್ನಿನ ಕೆಳಗೆ ಒಂದು ಕೈ

ಬೆಚ್ಚಗಿದೆ ಕೈ, ಪರವಾಗಿಲ್ಲ, ಉಜ್ಜಿಕೊಂಡೇ ಬಂದಿದ್ದಾಳೆ ಹುಡುಗಿ, ತಣ್ಣನೆಯ ಕೈಯಲ್ಲಿ ರೋಗಿಯನ್ನು ಮುಟ್ಟಿದರೆ ನಿಮ್ಮ ಬೆನ್ನಿಗೆ ಐಸ್ ಇಡುತ್ತೇನೆ ಎಂದು ನರ್ಸಿಂಗ್ ಕ್ಲಾಸಿನಲ್ಲಿ ಈ ಹುಡುಗಿಯರನ್ನು ಎಷ್ಟು ಸಲ ಗದರಿಸಿದ್ದಾಳೋ ತಾನೇ, ಈಗ ಆ ಕೈ ಗ್ಲೌಸ್ ತೊಟ್ಟು ತನ್ನದೇ ಸೊಂಟದ ಪಕ್ಕದಿಂದ ಹಾಸಿಗೆಗೂ ಬೆನ್ನಿಗೂ ನಡುವೆ ಮೆಲ್ಲಗೆ ನುಸುಳುತ್ತಿದೆ, ಉಸಿರು ಬಿಡಿ ಮೇಡಂ, ಮೈ ಬಿಗಿ ಹಿಡೀಬೇಡಿ, ಬಿಟ್ಟಳು, ಬಿಟ್ಟರೂ ಹೊಟ್ಟೆಯ ಹೊಲಿಗೆ ಚುರ್ರೆಂದಿತು — ಕಣ್ಣು ಮುಚ್ಚಿಕೊಂಡಳು, ಕೈ ಹೊರಗೆ ಬರುವವರೆಗೆ ತೆರೆಯುವುದಿಲ್ಲ, ನಿನ್ನೆ ಇದೇ ಕೈ ಇದೇ ಜಾಗದಿಂದ ಹೊರಗೆ ಬಂದಾಗ ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಕೆಂಪಾಗಿತ್ತು. ಬೆಳಗ್ಗೆ ಗರ್ಭಕೋಶ ತೆಗೆಸಿಕೊಂಡು ಮಧ್ಯಾಹ್ನ ಮತ್ತೆ ಆಪರೇಷನ್ ಕೋಣೆಗೆ ಹೋಗಿ, ಒಂದೇ ದಿನದಲ್ಲಿ ಎರಡು ಸಲ ಹೊಲಿಸಿಕೊಂಡ ಹೊಟ್ಟೆ ಇದು, ಮತ್ತೊಮ್ಮೆ ಸೋರಿದ್ರೆ ಕಷ್ಟ ಆಗುತ್ತೆ ಅಂತ ಸರ್ಜನ್ ಅವಳ ಅಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಅವಳಿಗೂ ಕೇಳಿಸಿತ್ತು, ರೋಗಿ ನಿದ್ದೆಯಲ್ಲಿದ್ದಾರೆ ಅಂದುಕೊಂಡು ಮಂಚದ ಹತ್ತಿರ ಮಾತಾಡಬೇಡಿ ಎಂದು ಡಾಕ್ಟರುಗಳಿಗೂ ಯಾರಾದರೂ ಪಾಠ ಮಾಡಬೇಕು, ತಾನು ಎದ್ದರೆ ಮಾಡುತ್ತಾಳೆ, ಎದ್ದರೆ. ಅಕ್ಕ ಸ್ಟೂಲಿನ ಮೇಲೆ ಕೂತು ಚೀಲದ ಜಿಪ್ ಎಳೆಯುತ್ತಿದ್ದಾಳೆ, ಹಾಕುತ್ತಿದ್ದಾಳೆ, ಅಕ್ಕ ಬಾಯಿ ಮುಚ್ಚಿದ್ದಾಳೆ ಎಂದರೆ ಲೋಕದಲ್ಲಿ ಏನೋ ದೊಡ್ಡ ಎಡವಟ್ಟಾಗಿದೆ ಎಂದೇ ಲೆಕ್ಕ, ಆಪರೇಷನ್‌ಗೆ ಮೊದಲು ಎಷ್ಟು ಆಡಿಕೊಂಡಿದ್ದಳು, ಹೊಟ್ಟೆಗಿಂತ ಮೊದಲು ನಿನ್ನ ಬಾಯಿಗೆ ಹೊಲಿಗೆ ಹಾಕ್ಸೇ, ಪಾಪ ನಿನ್ನ ಕ್ಲಾಸಿನ ಮಕ್ಕಳಾದ್ರೂ ಬದುಕ್ಕೊಳ್ಲಿ.

ಕೈ ಇನ್ನೂ ಒಳಗೆ ಹೋಗುತ್ತಿದೆ, ಅವಸರವಿಲ್ಲ ಇವಳಿಗೆ, ಯಾವತ್ತೂ ಇರಲಿಲ್ಲ, ಮಾತಾಡಿದರೆ ಪಕ್ಕದವರಿಗೂ ಕೇಳಿಸದು, ಅದಕ್ಕೇ ಕ್ಲಾಸಿನವರೆಲ್ಲ ಪಿಸುಮಾತು ಎಂದು ಹೆಸರಿಟ್ಟರು, ಮೇಡಂ ಬಾಯಲ್ಲೂ ಅದೇ ಉಳಿಯಿತು, ಏ ಪಿಸುಮಾತು, ಗಂಟಲಲ್ಲಿ ಹತ್ತಿ ಇಟ್ಕೊಂಡಿದ್ದೀಯಾ, ಜೋರಾಗಿ ಹೇಳು — ಗೊಂಬೆ ಅಜ್ಜಿಯ ದಿನವೂ ಹಾಗೇ ಕೂಗಿದ್ದಳು. ಗೊಂಬೆ ಅಜ್ಜಿ ಎಂದರೆ ಕಲಿಕೆಯ ಕೋಣೆಯ ರಬ್ಬರ್ ರೋಗಿ, ಎಲ್ಲ ವರ್ಷದ ಹುಡುಗಿಯರೂ ಚುಚ್ಚಿ ಚುಚ್ಚಿ ತೋಳೆಲ್ಲ ಜರಡಿಯಾಗಿರುವ ಅಜ್ಜಿ, ಆ ದಿನ ಅಜ್ಜಿಯ ಹೊಟ್ಟೆಗೆ ಬಿಳಿ ಬ್ಯಾಂಡೇಜ್ ಸುತ್ತಿ, ಯಾರಿಗೂ ಹೇಳದೆ ಬೆನ್ನಿನ ಕೆಳಗೆ ಕೆಂಪು ಇಂಕು ಕಲಸಿದ ನೀರಿನಲ್ಲಿ ಸ್ಪಂಜು ನೆನೆಸಿ ಇಟ್ಟಿದ್ದಳು, ಬನ್ನಿ, ಆಪರೇಷನ್ ಆದ ರೋಗಿ, ನೋಡಿ ಹೇಳಿ, ಒಬ್ಬೊಬ್ಬರಾಗಿ ಬಂದರು, ಬ್ಯಾಂಡೇಜ್ ನೋಡಿದರು, ಒಣಗಿದೆ ಮೇಡಂ, ರಕ್ತ ಇಲ್ಲ ಮೇಡಂ, ಅಜ್ಜಿ ಚೆನ್ನಾಗಿದ್ದಾರೆ ಮೇಡಂ, ಪಿಸುಮಾತೂ ಅದನ್ನೇ ಪಿಸುಗುಟ್ಟಿತು, ಕೊನೆಗೆ ಮೇಡಂ ತಾನೇ ಅಜ್ಜಿಯನ್ನು ಮಗ್ಗುಲಿಗೆ ಹೊರಳಿಸಿದಳು, ಹಾಸಿಗೆಯೆಲ್ಲ ಕೆಂಪು — ಅಜ್ಜಿ ಹೋದ್ರು, ಮನೆಯವರಿಗೆ ಯಾರು ಹೇಳ್ತೀರಿ, ಹೊರಗೆ ಕೂತಿದ್ದಾರೆ, ಹೋಗಿ. ಮಲಗಿದವರ ಗಾಯದಿಂದ ರಕ್ತ ಮೇಲೆ ಕಾಣಿಸಲೇಬೇಕು ಅಂತ ಏನಿಲ್ಲ, ನೀರಿನ ಹಾಗೆ ಅದೂ ತಗ್ಗಿಗೇ ಹರಿಯುತ್ತೆ, ಪಕ್ಕೆಯಿಂದ ಇಳಿದು ಬೆನ್ನಿನ ಕೆಳಗೆ ನಿಲ್ಲುತ್ತೆ, ಬ್ಯಾಂಡೇಜ್ ಚೆಂದ ನೋಡಿ ಬರೋದಕ್ಕೆ ನೀವೇನು ಮದುವೆ ಹೆಣ್ಣು ನೋಡೋಕೆ ಹೋಗಿದ್ರಾ, ಕೈ ಹಾಕಿ, ಬೆನ್ನಿನ ಕೆಳಗೆ ಕೈ ಹಾಕಿ. ಎಲ್ಲರೂ ನಕ್ಕರು, ಪಿಸುಮಾತು ಒಬ್ಬಳು ಅತ್ತಳು, ರಬ್ಬರ್ ಅಜ್ಜಿಗಾಗಿ ನಿಜವಾದ ಕಣ್ಣೀರು, ಆಮೇಲೆ ವಾರ್ಡಿನಲ್ಲಿ ಯಾರನ್ನೂ ಬಿಡಲಿಲ್ಲ, ಕಿವಿ ಆಪರೇಷನ್ ಆದ ತಾತನ ಬೆನ್ನಿಗೂ ಕೈ ಹಾಕಿ, ಆತ ಕಚಗುಳಿಯಾಗಿ ಕಿರುಚಿ, ವಾರ್ಡಿಗೆ ವಾರ್ಡೇ ಬಿದ್ದು ಬಿದ್ದು ನಕ್ಕಿತ್ತು, ಮೇಡಂ ಕೂಡ.

ನಿನ್ನೆ ನಗು ಎಲ್ಲಿತ್ತು, ನಿನ್ನೆ ಬಾಯಾರಿಕೆ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು, ಕಾಲು ಒಂದು ಕಡೆ ನಿಲ್ಲದು, ಅಂಗೈ ತಣ್ಣಗೆ ಬೆವರುತ್ತಿತ್ತು, ಇವೆಲ್ಲ ಒಳಗೆ ರಕ್ತ ಕಡಿಮೆಯಾಗುತ್ತಿರುವ ಗುರುತು ಎಂದು ಬೋರ್ಡಿನ ಮೇಲೆ ಸಾಲಾಗಿ ಬರೆಸಿದವಳೇ ಅವಳು, ಆದರೆ ಮಲಗಿಕೊಂಡು ಅವಳು ನೋಡುತ್ತಿದ್ದದ್ದು ಏನು, ಎದುರು ಮಂಚದ ಹೊದಿಕೆಯ ಮೂಲೆ ಸರಿಯಾಗಿ ಮಡಚಿಲ್ಲ, ಯಾರು ಮಡಚಿದ್ದು, ನಾಳೆ ವಿಚಾರಿಸ್ಕೋತೀನಿ. ಹುಡುಗಿಯರಿಬ್ಬರು ಬಂದು ಕೈ ಕಟ್ಟಿ ನಿಂತರು, ಬ್ಯಾಂಡೇಜ್ ನೋಡಿದರು, ಒಣಗಿದೆ ಮೇಡಂ, ಹೌದು ಕಣ್ರೇ, ಚೆನ್ನಾಗಿದ್ದೀನಿ, ಆ ಕಡೆ ಹೊಸಬರು ಬಂದಿದ್ದಾರೆ, ಅವರನ್ನ ನೋಡಿ ಹೋಗಿ, ಹೋದರು, ಮೇಡಂ ಬೆನ್ನಿಗೆ ಕೈ ಹಾಕುವ ಧೈರ್ಯ ಯಾವ ಹುಡುಗಿಗೆ ಬಂದೀತು, ಹಿಂದೆ ಕಟ್ಟುವ ಆಸ್ಪತ್ರೆಯ ಅಂಗಿಯಲ್ಲಿ ಮಲಗಿದ ಮೇಡಂಗೂ ನಾಚಿಕೆ, ಗೊಂಬೆ ಅಜ್ಜಿಗಾದರೆ ನಾಚಿಕೆಯಿರಲಿಲ್ಲ — ಆಮೇಲೆ ಪಿಸುಮಾತು ಬಂದಳು. ಸ್ವಲ್ಪ ಈ ಕಡೆ ತಿರುಗಿ ಮೇಡಂ, ಬೇಡ ಕಣೇ, ನಂಗೇನೂ ಆಗಿಲ್ಲ, ಒಂದ್ಸಲ ಕೈ ಹಾಕಿ ನೋಡ್ತೀನಿ, ಬೇಡ ಅಂದೆನಲ್ಲ, ಮೇಡಂ ಯಾರಿಲ್ಲಿ, ನೀನೋ ನಾನೋ, ಹುಡುಗಿಯ ಕಣ್ಣಲ್ಲಿ ನೀರು ಬಂತು, ಆದರೆ ಮಂಚ ಬಿಟ್ಟು ಕದಲಲಿಲ್ಲ, ಇಲ್ಲಿ ನೀವು ಮೇಡಂ ಅಲ್ಲ ಮೇಡಂ, ರೋಗಿ, ಎಂದು ಪಿಸುಗುಟ್ಟಿ ಕೈ ಹಾಕೇಬಿಟ್ಟಳು, ಹೊರಗೆ ತೆಗೆದಳು, ಕೆಂಪು. ಆಗ ಕೂಗಿದಳು ನೋಡಿ, ಆ ಗಂಟಲಲ್ಲಿ ಅಂಥ ಕೂಗು ಎಲ್ಲಿ ಅಡಗಿತ್ತೋ, ಸಿಸ್ಟರ್, ಬೇಗ ಬನ್ನಿ, ಮೇಡಂಗೆ ರಕ್ತ ಹೋಗ್ತಿದೆ, ಕಾರಿಡಾರಿನ ಆ ತುದಿಯಲ್ಲಿದ್ದವರೂ ತಿರುಗಿ ನೋಡಿದರು, ಮೇಲೆ ದೀಪಗಳು ಒಂದರ ಹಿಂದೊಂದು ಓಡತೊಡಗಿದವು, ಪಕ್ಕದಲ್ಲಿ ಆ ಕೆಂಪು ಕೈ ಗಾಲಿಮಂಚದ ಕಂಬಿ ಹಿಡಿದು ಓಡುತ್ತಿತ್ತು, ಜೋರಾಗಿ ಹೇಳು ಎಂದು ಇಷ್ಟು ದಿನ ಕಾಡಿದ್ದಕ್ಕೆ ನಿನ್ನೆ ಹೇಳಿದಳು, ಒಂದು ಗಳಿಗೆ ತಡವಾಗಿದ್ದರೂ ನಾವು ಏನೂ ಮಾಡೋಕಾಗ್ತಿರಲಿಲ್ಲ ಎಂದರಂತೆ ಸರ್ಜನ್.

ಕೈ ಈಗ ಬೆನ್ನಿನ ನಡುವಿಗೆ ಬಂದಿದೆ, ಅಲ್ಲೇ ನಿಂತಿದೆ, ಯಾಕೆ ನಿಂತಿತು, ಒದ್ದೆ ತಾಗಿತೇ, ಅಯ್ಯೋ ಏನಾದರೂ ಹೇಳೇ — ಇರಲಿ, ಏನೇ ಬರಲಿ, ಈ ಕೈ ಇಲ್ಲದಿದ್ದರೆ ಈ ಹೆದರಿಕೆಗೂ ತಾನು ಇರುತ್ತಿರಲಿಲ್ಲ, ಕಿಟಕಿಯ ಬಿಸಿಲು, ಫಿನಾಯಿಲ್ ವಾಸನೆ, ಅಕ್ಕನ ಜಿಪ್ಪಿನ ಕಿರಿಕಿರಿ, ಎಲ್ಲ ಇವಳು ಕೊಟ್ಟದ್ದು. ಕೈ ಮುಗಿಯೋಣವೆಂದರೆ ಒಂದು ಕೈಗೆ ಡ್ರಿಪ್ಪು, ಇನ್ನೊಂದನ್ನು ಅಕ್ಕ ಯಾವಾಗಲೋ ಬಂದು ಹಿಡಿದುಕೊಂಡುಬಿಟ್ಟಿದ್ದಾಳೆ, ಯಾರಿಗೆಂದು ಮುಗಿಯುವುದು, ಇವಳಿಗೆ ತಾನು ಕಲಿಸಿದೆ, ತನಗೆ ದೊಡ್ಡ ಮೇಡಂ ಕಲಿಸಿದರು, ಮೊದಲ ಸಲ ಒಬ್ಬ ಹೆಂಗಸಿನ ಬೆನ್ನಿನ ಕೆಳಗೆ ಕೈ ಹಾಕಲು ಹೇಸಿಕೊಂಡು ನಿಂತಾಗ ತನ್ನ ಮಣಿಕಟ್ಟು ಹಿಡಿದು ತಾವೇ ಒಳಗೆ ತೂರಿಸಿದ್ದರು, ಹೇಸ್ಕೋಬೇಡ ಮಗಳೇ, ಒಣಗಿದ್ರೆ ನಿನಗೆ ನೆಮ್ಮದಿ, ಒದ್ದೆಯಿದ್ರೆ ಅವಳಿಗೆ ಜೀವ, ಆ ದೊಡ್ಡ ಮೇಡಂಗೆ ಯಾರು ತೋರಿಸಿದರೋ, ಆಪರೇಷನ್ ಎನ್ನುವುದು ಶುರುವಾದಾಗಿನಿಂದ ಯಾರೋ ಒಬ್ಬಳು ಇನ್ನೊಬ್ಬಳ ಮಣಿಕಟ್ಟು ಹಿಡಿದು ತೋರಿಸುತ್ತಲೇ ಬಂದಿದ್ದಾಳೆ, ಅಷ್ಟೂ ಜನ ಸೇರಿ ನಿನ್ನೆ ತನ್ನನ್ನು ಉಳಿಸಿದರು, ಎಲ್ಲರ ಋಣ, ಹೇಳಬೇಕು ಇವಳಿಗೆ, ನೀನು ನನ್ನ ಜೀವ ಉಳಿಸಿದೆ ಕಣೇ ಮಗಳೇ, ಈಗಲೇ ಹೇಳಬೇಕು, ಬಾಯಿ ತೆರೆದಳು, ಬಂದದ್ದು ಮಾತ್ರ, ಆ ಕಡೆಯಿಂದಲೂ ನೋಡಬೇಕು, ಗೊತ್ತಲ್ವಾ? ಅಕ್ಕ ಫಕ್ಕನೆ ನಕ್ಕುಬಿಟ್ಟಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು, ಗೊತ್ತು ಮೇಡಂ, ಪಿಸುಮಾತು ಹೇಳಿತು, ಮಂಚ ಸುತ್ತಿ ಬರುವ ಹೆಜ್ಜೆ, ಉಜ್ಜಿಕೊಳ್ಳುವ ಸದ್ದು, ಮತ್ತೆ ಆ ಬೆಚ್ಚನೆಯ ಕೈ ಒಳಗೆ, ಸೊಂಟ, ಪಕ್ಕೆ, ಬೆನ್ನು, ಮೆಲ್ಲಗೆ, ಪೂರ್ತಿ, ಈಗ ಹಿಂದಕ್ಕೆ, ಹೊರಗೆ ಬರುತ್ತಿದೆ, ಬಂತು, ಕಣ್ಣು ತೆರಿ, ತೆರೆದಳು, ಕಲಿಸಿದ ಹಾಗೇ ಕಿಟಕಿಯ ಕಡೆ ತಿರುಗಿಸಿ ಹಿಡಿದಿದ್ದಾಳೆ, ಬೆಳಕಿಗೆ, ಐದು ಬೆರಳು ಅಗಲಿಸಿ, ಅಂಗೈ, ಬಿಳಿ, ಒಣಗಿದ್ದು, ಏನೂ ಇಲ್ಲದ ಅಂಗೈ —