ಕಪ್ಪತಗುಡ್ಡ ಎಳೆದ ಗಾಡಿ

ಕಪ್ಪತಗುಡ್ಡ ಈಗಿರುವ ಜಾಗ ಅದರ ಮೂಲ ಜಾಗವಲ್ಲ. ಐದು ವರ್ಷದ ಹಿಂದೆ ನಾನು ಮೋಟಾರು ಕೂಡಿಸಿದ ಬ್ಯಾಟರಿ ಗಾಡಿ ಅದನ್ನು ಮೂರು ಮಾರು ಶಿರಹಟ್ಟಿಯ ಕಡೆಗೆ ಎಳೆದಿಟ್ಟಿತು. ಹಗ್ಗ ಹರಿಯದಿದ್ದರೆ ಇವತ್ತು ಗುಡ್ಡ ಲಕ್ಷ್ಮೇಶ್ವರದ ಬಜಾರದಲ್ಲಿರುತ್ತಿತ್ತು, ನಮ್ಮ ಅಂಗಡಿಗೆ ಮಧ್ಯಾಹ್ನವೇ ನೆರಳು ಬರುತ್ತಿತ್ತು.

ಇಷ್ಟು ಹೇಳುವುದರೊಳಗೆ ಬಾಳೆಹೊಸೂರಿನ ಫಕ್ಕೀರಪ್ಪ ಬಾಯಲ್ಲಿದ್ದ ಬೀಡಿ ಕೈಗೆ ತೆಗೆದುಕೊಂಡ.

"ಗುಡ್ಡಾನ?"

"ಗುಡ್ಡಾ."

"ಯಾರರ ಅಳದು ನೋಡ್ಯಾರೇನ್ರಿ ಲಾಡಸಾಬ್ರ?"

"ಸರ್ವೇದವರು ಬಂದಿದ್ರು. ಖರೆ ಅಂತ ಬರದ್ರ ಇಡೀ ಜಿಲ್ಲಾದ ನಕಾಶಿ ತಿದ್ದಬೇಕಾಗ್ತೈತಿ ಅಂತ ಅಂಜಿ, ಚಾ ಕುಡದು ಹೋದ್ರು."

ಮೂಲೆಯಲ್ಲಿ ಕೂತಿದ್ದ ನನ್ನ ತಂಗಿ ಹಸೀನಾಬಿ ನಕ್ಕಳು. ಅವಳು ಕೋಟುಮಚಗಿಯ ಯಾರದೋ ಪಂಪಿಗೆ ತಂತಿ ಸುತ್ತುತ್ತಿದ್ದಳು. ಬಲಗೈಯಲ್ಲಿ ಹ್ಯಾಂಡಲ್, ಎಡಗೈ ಬೆರಳಿನ ಸಂದಿಯಲ್ಲಿ ತಾಮ್ರದ ತಂತಿ, ತುಟಿಯ ಮೇಲೆ ಸುತ್ತಿನ ಎಣಿಕೆ. ನಗುವಾಗಲೂ ಅವಳ ಎಣಿಕೆ ತಪ್ಪುವುದಿಲ್ಲ. ಶಿರಹಟ್ಟಿಯಿಂದ ಮುಂಡರಗಿಯವರೆಗೆ ನೀರೆತ್ತುವ ಪಂಪುಗಳೆಲ್ಲ ಒಮ್ಮೆಯಾದರೂ ನಮ್ಮ ಅಂಗಡಿಯಲ್ಲಿ ಸತ್ತು ಹುಟ್ಟಿದಂಥವು. ತುಂಗಭದ್ರೆ ಕೂಡ ನನ್ನನ್ನು ಒಂದು ಮಾತು ಕೇಳಿಯೇ ಮುಂದೆ ಹರಿಯುತ್ತಾಳೆ ಅಂತ ನಾನು ಹೇಳುವುದುಂಟು.

ಫಕ್ಕೀರಪ್ಪ ತಂದದ್ದು ಪಂಪಲ್ಲ, ಟ್ರ್ಯಾಕ್ಟರಿನ ಡೈನಮೋ. ಬ್ಯಾಟರಿ ತುಂಬುತ್ತಿಲ್ಲ ಅಂತ ಅವನ ತಕರಾರು. ಅದನ್ನು ಕಾಲ ಮೇಲಿಟ್ಟುಕೊಂಡು ಬಿಚ್ಚುತ್ತ ನಾನು ಗಾಡಿಯ ಕಥೆಗೆ ಕೈ ಹಾಕಿದೆ.

ಅದು ಮುಂಬಯಿ ಗಾಡಿ. ಅಲ್ಲಿ ದೊಡ್ಡ ಮಂದಿ ಗಾಲ್ಫ್ ಅನ್ನುವ ಚೆಂಡಾಟ ಆಡುತ್ತಾರೆ. ಹೊಡೆದ ಚೆಂಡಿನ ಹಿಂದೆ ನಡೆಯಲು ಬೇಸರವಾಗಿ ಕೂತು ಹೋಗಲು ಈ ಗಾಡಿ ಮಾಡಿಸಿದ್ದಾರೆ. ನಾಲ್ಕು ಸಣ್ಣ ಗಾಲಿ, ಮೇಲೊಂದು ಚಪ್ಪರ, ಸೀಟಿನ ಕೆಳಗೆ ಸಾಲಾಗಿ ಬ್ಯಾಟರಿ. ನಮ್ಮೂರ ಅರಳೆ ಗಿರಣಿಯ ಸೇಠರು, ಮಂಡಿನೋವಿನ ತಮ್ಮ ತಂದೆ ಅಂಗಳ ಸುತ್ತಿ ಬರಲಿ ಅಂತ ಲಿಲಾವಿನಲ್ಲಿ ಸವಾಲು ಕೂಗಿ ಹಿಡಿದು ತಂದಿದ್ದರು. ತಂದೆ ತೀರಿಕೊಂಡ ಮೇಲೆ ಗಾಡಿ ಗೋದಾಮು ಸೇರಿತು. ಅದರ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಅಲ್ಲಿ ಹುಟ್ಟಿದ ಹುಂಜಗಳು ಕೂಗುತ್ತಿರಲಿಲ್ಲ, ಹಾರ್ನ್ ಹೊಡೆಯುತ್ತಿದ್ದವು.

"ಆ ಗಾಡಿ ನಿಮ್ಮ ಕೈಗೆ ಹ್ಯಾಂಗ ಬಂತು?" ಅಂದ ಫಕ್ಕೀರಪ್ಪ.

ಹಸೀನಾಳಿಂದ ಬಂತು. ಮೂರನೇ ವರ್ಷದಲ್ಲಿ ಬಂದ ಜ್ವರ ಅವಳ ಎರಡೂ ಕಾಲಿನ ಶಕ್ತಿ ಒಯ್ದಿತ್ತು. ಮ್ಯಾಟ್ರಿಕ್ ಪಾಸಾದವಳು ಅವಳು. ಅಷ್ಟು ವರ್ಷ ಶಾಲೆಗೆ ನಡೆದವನು ನಾನು, ಅವಳನ್ನು ಬೆನ್ನಿಗೆ ಹಾಕಿಕೊಂಡು. ಅವಳ ಅಕ್ಷರ ನೋಡಿ ಗಿರಣಿಯ ಗುಮಾಸ್ತ ಈಶಪ್ಪ ತೂಕದ ಚೀಟಿ ಬರೆಯುವ ನೌಕರಿಗೆ ಸೇಠರ ಹತ್ತಿರ ಮಾತಾಡಿದ್ದ. ಸೇಠರು ಒಪ್ಪಿದ್ದರು, ಒಂದು ಕರಾರಿನ ಮೇಲೆ: ದಿನಾ ತಾನೇ ಬರಬೇಕು, ತಾನೇ ಹೋಗಬೇಕು.

"ನಾನು ಹೊತಗೊಂಡು ಬಿಟ್ಟು ಬರ್ತೀನಿ" ಅಂದಿದ್ದೆ.

"ಇಪ್ಪತ್ತಾರು ವರ್ಷದಾಕಿನ್ನ ಬಜಾರದಾಗ ಹೊತಗೊಂಡು ಹೊಂಟ್ರ, ಆ ನೌಕರಿ ನಿನಗ ಕೊಡಲಿ ಭಾಯಿ" ಅಂದಿದ್ದಳು ಹಸೀನಾ.

ಆಗ ಈಶಪ್ಪನಿಗೆ ಆ ಗಾಡಿ ನೆನಪಾಯಿತು. ನಾಲ್ಕು ಮಾರು ಜಗ್ಗಿ ಜಗ್ಗಿ ಹೋಗಿ ನಿಂತುಬಿಡುತ್ತಿತ್ತು ಅದು. ಅದನ್ನು ನಮ್ಮ ಅಂಗಡಿಗೆ ತಳ್ಳಿಸಿಕೊಂಡು ಬಂದು, "ನಡಿಸಿದ್ರ ನಿಮ್ಮದು. ಸೋಮವಾರ ಗಿರಣಿದು ಎಂಟರ ಭೋಂಗಾ ಕೂಗೂದ್ರಾಗ ಆಕಿ ಗೇಟಿನ್ಯಾಗ ಇರಬೇಕು. ಇಲ್ಲಾಂದ್ರ ಸೇಠರ ಸಂಬಂಧಿ ಹುಡುಗ ಒಬ್ಬ ಕುರ್ಚಿ ಒರಿಸಿಕೊಂಡು ಕುಂತಾನ" ಅಂದ.

"ನಾನು ಹಳೇ ಮೋಟಾರ್ ಕಿತ್ತು ಒಗದೆ" ಅಂದೆ ಫಕ್ಕೀರಪ್ಪನಿಗೆ. "ಗದಗಕ್ಕ ಹೋಗಿ ಲಾರಿ ಸ್ಟಾರ್ಟರ್ ಮೋಟಾರ್ ತಂದು ಕೂಡಿಸಿದೆ. ಇಡೀ ಲಾರಿ ಎಬ್ಬಸೂ ಮೋಟಾರ್! ಸ್ವಿಚ್ ಒತ್ತಿದ್ದ ತಡ, ಗಾಡಿ ಮ್ಯಾಲಿನ ಚಪ್ಪರ ಹಾರಿ ಹುಲಗೂರಾಗ ಬಿತ್ತು. ಸೋಮವಾರ ಮುಂಜಾನಿ ನನ್ನ ತಂಗಿ ಎಂಟರ ಭೋಂಗಾಕ್ಕ ಹೊಂಟಾಕಿ ಏಳಕ್ಕ ಮುಟ್ಟಿದ್ಲು. ವಾಪಸ್ ಬರೂಮುಂದ ಹಾದ್ಯಾಗ ಗುಡ್ಡಾ ಸಿಕ್ಕಿತು, ಸುಮ್ಮನ ಹಗ್ಗಾ ಕಟ್ಟಿ ನೋಡಿದ್ವಿ."

ಫಕ್ಕೀರಪ್ಪ ಒಮ್ಮೆ ನನ್ನನ್ನು, ಒಮ್ಮೆ ಮೂಲೆಯನ್ನು ನೋಡಿದ. ರೈತ ಮನುಷ್ಯ. ಅವನ ಪ್ರಶ್ನೆಯಲ್ಲಿ ಕುಹಕವೇನೂ ಇರಲಿಲ್ಲ.

"ಹಂಗಿದ್ರ ಈ ತಂಗಿ ಗಿರಣಿ ಬಿಟ್ಟು ಇಲ್ಲಿ ತಂತಿ ಯಾಕ ಸುತ್ತತಾಳ?"

ನಾನು ಸ್ಕ್ರೂ ಹುಡುಕುವವನ ಹಾಗೆ ಬಗ್ಗಿದೆ. ಉತ್ತರ ಹಸೀನಾ ಕೊಟ್ಟಳು.

"ಗುಡ್ಡಾ ಎಳದ ಗಾಡಿ ಪೋಸ್ಟ್ ಆಫೀಸ್ ದಾಟಲಿಲ್ಲರೀ ಕಾಕಾ. ಅದೂ ಹಿಂಬರಕಿ ಹೊಂಟಿತ್ತು."

"ಹಿಂಬರಕಿ?"

"ನಮ್ಮ ಭಾಯಿ ಕೂಡಿಸಿದ ಮೋಟಾರ್ ಹಿಂದಕ್ಕಷ್ಟ ತಿರಗತಿತ್ತು. ತಂತಿ ಅದಲು ಬದಲು ಮಾಡಿದ, ಹಿಂದಕ್ಕ. ಮತ್ತ ಬದಲು ಮಾಡಿದ, ಮತ್ತ ಹಿಂದಕ್ಕ. ಆಯ್ತವಾರ ಸಂಜೀತನಾ ಇದ ನಡೀತು. ನಾ ಅಂದೆ, ಇರಲಿ ಬಿಡು, ಗಾಡಿ ತಿರಿಗಿಸಿ ನಿಲ್ಲಸು, ಗಿರಣಿ ಮುಟ್ಟಿದ್ರ ಆತು. ಹೊಸಾ ಸೀರಿ ಉಟಗೊಂಡು ಸೀಟಿನ್ಯಾಗ ತಿರಿಗಿ ಕುಂತೆ. ಬಜಾರದ ಮಂದಿ ನಗಾಕತ್ತಿದ್ರು, ನಾನೂ ನಕ್ಕೆ. ಪೋಸ್ಟ್ ಆಫೀಸ್ ಮುಂದಿನ ಏರಿನ್ಯಾಗ ಸೀಟಿನ ಬುಡಕಿಂದ ಹೊಗಿ ಬಂತು ನೋಡ್ರಿ, ಗಾಡಿ ನಿಂತ ಬಿಡ್ತು."

ಫಕ್ಕೀರಪ್ಪ ನಗಲಿಲ್ಲ. ನಾನೂ ನಗಲಿಲ್ಲ. ಲಾರಿಯ ಸ್ಟಾರ್ಟರು ಅರೆ ನಿಮಿಷದ ಜೀವಿ. ಎಬ್ಬಿಸುತ್ತದೆ, ಹೊತ್ತು ನಡೆಯುವುದಿಲ್ಲ. ಅದು ನನಗೆ ಆ ಏರಿನಲ್ಲಿ ತಿಳಿಯಿತು. ನಾನು ತಳ್ಳಿದೆ, ಇನ್ನಿಬ್ಬರು ಬಂದು ತಳ್ಳಿದರು. ಅಷ್ಟು ಬ್ಯಾಟರಿ ಹೊತ್ತ ಗಾಡಿ ಅಲುಗಲಿಲ್ಲ, ಸುಟ್ಟ ಮೋಟಾರು ಗಾಲಿಗಳನ್ನು ಕಚ್ಚಿ ಹಿಡಿದಿತ್ತು. ಕೊನೆಗೆ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಬೆನ್ನು ಕೊಟ್ಟೆ. "ಬಾ, ಓಡ್ತೀನಿ, ಮುಟ್ಟಿಸ್ತೀನಿ" ಅಂದೆ. ಅವಳು ಹತ್ತಲಿಲ್ಲ. ಸೆರಗು ಸರಿಮಾಡಿಕೊಂಡು ಗಿರಣಿಯ ಕಡೆ ನೋಡುತ್ತ ಕೂತಳು. ನನ್ನ ಕಾಲು ಜೋಮು ಹಿಡಿಯುವವರೆಗೆ ಹಾಗೇ ಕೂತಿದ್ದೆ. ಗಿರಣಿಯ ಭೋಂಗಾ ಕೂಗಿತು. ಅದು ಪೂರ್ತಿ ನಿಂತ ಮೇಲೆ ಎರಡು ಕೈ ನನ್ನ ಕುತ್ತಿಗೆಗೆ ಬಂದವು.

"ಮನಿಗೆ" ಅಂದಿದ್ದಳು.

"ಇರಲಿ ಬಿಡವಾ" ಅಂದ ಫಕ್ಕೀರಪ್ಪ. "ಹಳೇ ಮೋಟಾರ್ ಸತ್ತಿತ್ತು, ನಿಮ್ಮಣ್ಣ ತನಗ ತಿಳಿದಷ್ಟು ಮಾಡ್ಯಾನ."

"ಹೂಂರಿ. ಅದು ಸತ್ತಿತ್ತಲ್ಲ, ಅಂವರ ಏನ್ ಮಾಡ್ಯಾನು" ಅಂದಳು ಹಸೀನಾ, ಮತ್ತೆ ಹ್ಯಾಂಡಲ್ ತಿರುವುತ್ತ.

ಅಷ್ಟರಲ್ಲಿ ನನ್ನ ಕೈ ತನ್ನ ಪಾಡಿಗೆ ತಾನು ಕೆಲಸ ಮುಗಿಸಿತ್ತು. ಡೈನಮೋದೊಳಗೆ ಕರೆಂಟು ದಾಟಿಸುವ, ಸವೆದ ಎರಡು ಕಾರ್ಬನ್ ತುಂಡು ತೆಗೆದು, ಹೊಸವನ್ನು ಕೂಡಿಸಿ, ಮುಚ್ಚಳ ಬಿಗಿದಿದ್ದೆ. ಫಕ್ಕೀರಪ್ಪ ಹಳೆಯವನ್ನು ಅಂಗೈಯಲ್ಲಿ ಹಾಕಿಕೊಂಡು ಅಡಿಕೆ ಹೋಳಿನ ಹಾಗೆ ಹೊರಳಿಸಿದ.

"ಇಷ್ಟ ಏನ್ರಿ? ಇವೆರಡು ಸವದಿದ್ದಕ್ಕ ಅಷ್ಟ ದೊಡ್ಡ ಟ್ರ್ಯಾಕ್ಟರ್ ಮಲಗಿತ್ತಾ?"

"ಇಷ್ಟ."

"ಆ ಬ್ಯಾಟರಿ ಗಾಡಿ ಮೋಟಾರಿನ್ಯಾಗೂ ಇಂಥಾವು ಇರತಾವೇನ್ರಿ?"

ಮೂಲೆಯಲ್ಲಿ ಹ್ಯಾಂಡಲ್ ನಿಂತಿತು.

ಇಲ್ಲ ಅನ್ನಬಹುದಿತ್ತು. ಗುಡ್ಡ ಎಳೆದವನಿಗೆ ಅದೇನು ದೊಡ್ಡ ಮಾತು? ಅದು ಬೇರೆ ಜಾತಿಯ ಮೋಟಾರು, ಜರ್ಮನಿಯದು, ಒಳಗೆ ಗಂಧದ ಎಣ್ಣೆ ಹರಿಯುತ್ತಿತ್ತು ಅಂತ ಏನಾದರೂ ಹೊಸೆಯಬಹುದಿತ್ತು. ಬಾಯಿ ತೆರೆದೆ. ಹಸೀನಾ ನನ್ನ ಮುಖ ನೋಡುತ್ತಿದ್ದಳು.

"ಇದ್ದೂವು" ಅಂದೆ.

ಆಮೇಲಿನದನ್ನು ನಾನು ಹೇಳಿದೆನೋ, ಅದೇ ಹೊರಗೆ ಬಂತೋ. ಅಂಥ ಮೋಟಾರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಾನು ಕಂಡದ್ದೆಲ್ಲ ಪಂಪಿನ ಮೋಟಾರು. ಅದನ್ನು ಬಿಚ್ಚಿದ ದಿನ ಈಶಪ್ಪನೂ ಬಜಾರದ ಐದಾರು ಮಂದಿಯೂ ಎದುರಿಗೆ ನಿಂತಿದ್ದರು. ಎಲ್ಲರೂ ಲಾಡಸಾಬ ಏನನ್ನುತ್ತಾನೆ ಅಂತ ಕಾಯುತ್ತಿದ್ದರು. ಗೊತ್ತಿಲ್ಲ ಅನ್ನುವ ಮಾತು ನನ್ನ ನಾಲಿಗೆಗೆ ರೂಢಿ ಇಲ್ಲ. "ಸತ್ತೈತಿ" ಅಂದೆ. ನಮ್ಮ ಕಸುಬಿನಲ್ಲಿ ಸತ್ತೈತಿ ಅಂದ ಮೇಲೆ ಮೊದಲ ಕೆಲಸ ಉಳಿಯಿಂದ ಒಳಗಿನ ತಂತಿ ಕಡಿದು ತೆಗೆಯುವುದು. ಎಲ್ಲರೂ ನೋಡುವ ಹಾಗೆ ಕಡಿದೆ. ಕಡಿದ ಮೇಲೆ ಅದು ನಿಜವಾಗಿ ಸತ್ತಿತು, ಅಂಥದಕ್ಕೆ ಹೊಸ ತಂತಿ ಸುತ್ತಲು ನನಗೆ ಬರುತ್ತಿರಲಿಲ್ಲ. ಮರುವರ್ಷ ಹುಬ್ಬಳ್ಳಿಯಲ್ಲಿ ಒಬ್ಬ ಮಿಸ್ತ್ರಿ ಅಂಥದೇ ಮೋಟಾರಿಗೆ ಎರಡು ಕಾರ್ಬನ್ ಹಾಕಿ ನಡೆಸಿದ್ದನ್ನು ನಾನು ನಿಂತು ನೋಡಿದೆ. ಬಸ್ಸಿನಲ್ಲಿ ಬರುವಾಗ ಹೇಳಬೇಕು ಅಂದುಕೊಂಡೆ. ಇಳಿಯುವುದರೊಳಗೆ ಗುಡ್ಡದ ಕಥೆ ಹುಟ್ಟಿತ್ತು.

"ಅದು ಸತ್ತಿದ್ದಿಲ್ಲ ಹಸೀನಾ."

ಹೊರಗೆ ಒಂದು ಚಕ್ಕಡಿ ಹೋಯಿತು. ಅದರ ಸಪ್ಪಳ ಪೋಸ್ಟ್ ಆಫೀಸಿನ ಏರು ಹತ್ತಿ ಇಳಿಯಿತು.

"ಈಗ ಮಾಡಿದ್ಯಲ್ಲ, ಇಷ್ಟೇನು?" ಅಂದಳು ಹಸೀನಾ.

"ಇಷ್ಟ."

"ಇಷ್ಟ ಹೊತ್ತು?"

"ಇಷ್ಟ ಹೊತ್ತು."

ಫಕ್ಕೀರಪ್ಪ ಕಾರ್ಬನ್ ತುಂಡುಗಳನ್ನು ಸಪ್ಪಳವಾಗದಂತೆ ಹಲಗೆಯ ಮೇಲಿಟ್ಟ. ಡೈನಮೋ ಬಗಲಿಗೆ ಹಾಕಿಕೊಂಡು, "ಬರ್ತೀನ್ರಿ" ಅಂತ ಯಾರಿಗೂ ಅಲ್ಲದ ಹಾಗೆ ಹೇಳಿ ಮೆಟ್ಟಿಲಿಳಿದ. ನಾನು ಅವಳ ಹತ್ತಿರ ಹೋಗಬೇಕೆಂದು ಎದ್ದೆ. ಎದ್ದವನು ಅಲ್ಲೇ ನಿಂತೆ.

ಹಸೀನಾ ತಂತಿಯ ಮೇಲೆ ಬೆರಳಾಡಿಸಿ ಮೊದಲಿನಿಂದ ಎಣಿಸಲು ನೋಡಿದಳು. ಆಗಲಿಲ್ಲ. ಎಣಿಕೆ ತಪ್ಪಿತ್ತು. ತಪ್ಪಿದ ಸುತ್ತನ್ನು ಪಂಪಿನೊಳಗೆ ಹಾಕುವ ಹಾಗಿಲ್ಲ. ಅವಳು ಹ್ಯಾಂಡಲನ್ನು ಹಿಂದಕ್ಕೆ ತಿರುಗಿಸತೊಡಗಿದಳು. ತಂತಿ ಒಂದೊಂದೇ ಸುತ್ತು ಬಿಚ್ಚಿಕೊಂಡು, ಅಲುಗದ ಅವಳ ಕಾಲುಗಳ ಮೇಲೆ ಬೀಳತೊಡಗಿತು.